ಕಂಪೈಲರೇ ಎಡವಿದರೆ?

ಮಾಯಸಂದ್ರದ ಸುತ್ತಿನ ತೋಟಗಳಲ್ಲಿ ಬಲಿತ ತೆಂಗಿನಕಾಯಿಗಳನ್ನು ಕೊಬ್ಬರಿಗೆಂದು ಅಟ್ಟಕ್ಕೇರಿಸುವುದು ವಾಡಿಕೆ. ಹಲವು ತಿಂಗಳು ಕಳೆದು ಒಳಗಿನ ನೀರು ಇಂಗಿದ ಮೇಲೆ ತಿರುಳು ಚಿಪ್ಪನ್ನು ಬಿಡುತ್ತದೆ. ಬಿಟ್ಟಿತೋ ಇಲ್ಲವೋ ಎಂಬುದನ್ನು ತಿಂಗಳ ಲೆಕ್ಕವೊಂದರಿಂದಲೇ ತೀರ್ಮಾನಿಸುವುದಿಲ್ಲ; ಕಾಯಿಯನ್ನು ಕೈಗೆತ್ತಿಕೊಂಡು ಅಲ್ಲಾಡಿಸುತ್ತಾರೆ. ಒಳಗೆ ಲೊಡಲೊಡ ಸದ್ದಾದರೆ ಕೊಬ್ಬರಿ ಸಿದ್ಧವೆಂದರ್ಥ. ಹೊರಗಿನ ಗುರುತನ್ನು ನಂಬಿ ಕೂರದೆ ಒಳಗನ್ನು ಪರೀಕ್ಷಿಸುವ ಇದೇ ಬಗೆಯ ಉಪಾಯವನ್ನು ಗಣಕಯಂತ್ರಗಳ ಪ್ರಪಂಚದಲ್ಲಿಯೂ ನಾವು ಕಾಣಬಹುದು.

ಮನುಷ್ಯನು ‘ಸಿ’ ಮೊದಲಾದ ಭಾಷೆಗಳಲ್ಲಿ ಬರೆದ ಪ್ರೋಗ್ರಾಮು ಯಂತ್ರಕ್ಕೆ ನೇರವಾಗಿ ತಿಳಿಯದು. ಅದನ್ನು ಯಂತ್ರದ ಆಜ್ಞೆಗಳಾಗಿ ಮಾರ್ಪಡಿಸುವ ಭಾಷಾಂತರಕಾರನೇ ಕಂಪೈಲರು. ಆದರೆ ಕಂಪೈಲರೂ ಮನುಷ್ಯನೇ ಬರೆದ ಒಂದು ಪ್ರೋಗ್ರಾಮು. ಆದುದರಿಂದ ಅದರಲ್ಲಿಯೂ ತಪ್ಪುಗಳಿರುವುದು ಸಹಜ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ಯಾದೃಚ್ಛಿಕವಾಗಿ ಹೆಣೆದ ಪ್ರೋಗ್ರಾಮುಗಳನ್ನು ‘ಸಿ’ ಕಂಪೈಲರುಗಳಿಗೆ ಒಡ್ಡಿ, ಅದುವರೆಗೆ ಯಾರಿಗೂ ತಿಳಿಯದಿದ್ದ 325ಕ್ಕೂ ಹೆಚ್ಚು ದೋಷಗಳನ್ನು ಕಂಡುಹಿಡಿದುದಾಗಿ 2011ರಲ್ಲಿ ಪ್ರಕಟಿಸಿದರು. ಕಂಪೈಲರು ಕೆಲಸವನ್ನು ನಡುವೆಯೇ ಕೈಬಿಟ್ಟರೆ ದೋಷವು ಕೂಡಲೇ ತಿಳಿಯುತ್ತದೆ. ಸದ್ದಿಲ್ಲದೆ ತಪ್ಪು ಆಜ್ಞೆಗಳನ್ನು ಬರೆದಿಟ್ಟರೆ ಅಪಾಯ ಹೆಚ್ಚು.

ಒಂದೇ ಪ್ರೋಗ್ರಾಮನ್ನು ಹಲವು ಬಗೆಯ ಯಂತ್ರಗಳಲ್ಲಿ, ಹಲವು ಕಂಪೈಲರುಗಳಿಂದ ಕಟ್ಟಬೇಕಾದಾಗ ಈ ತೊಡಕು ಇಮ್ಮಡಿಸುತ್ತದೆ. ಇದಕ್ಕೆ ನೆರವಾಗಲೆಂದು 1991ರಲ್ಲಿ ಡೇವಿಡ್ ಮೆಕೆಂಜಿ ಎಂಬುವರು ‘ಆಟೋಕಾನ್ಫ್’ ಎಂಬ ಸಾಧನದ ರಚನೆಗೆ ತೊಡಗಿದರು. ಇದು ತಯಾರಿಸುವ ‘ಕಾನ್ಫಿಗರ್’ ಎಂಬ ಕಡತವು, ಕಂಪೈಲರಿನ ಹೆಸರನ್ನಷ್ಟೇ ನೋಡಿ ತೃಪ್ತಿಪಡುವುದಿಲ್ಲ. ಪುಟ್ಟ ಪ್ರೋಗ್ರಾಮೊಂದನ್ನು ಬರೆದು, ಅದನ್ನು ಭಾಷಾಂತರಿಸಲು ಹೇಳಿ, ಫಲವನ್ನು ನೋಡಿ ಮುಂದಿನ ಕ್ರಮವನ್ನು ನಿಶ್ಚಯಿಸುತ್ತದೆ. ಕಾಯಿಯನ್ನು ಅಲ್ಲಾಡಿಸಿ ನೋಡುವುದೆಂದರೆ ಇದೇ. ಆದರೆ ದೊಡ್ಡ ಪ್ರೋಗ್ರಾಮಿನ ಒಂದೇ ಮೂಲೆಯಲ್ಲಿ ಅಡಗಿರುವ ದೋಷವು ಇಂತಹ ಪುಟ್ಟ ಪರೀಕ್ಷೆಗೆ ಸಿಕ್ಕದೆ ಹೋಗುವುದೂ ಉಂಟು.

2014ರಲ್ಲಿ ಹೀಗೆಯೇ ಆಯಿತು. ಲಿನಕ್ಸ್ ಕರ್ನೆಲ್ಲಿನಲ್ಲಿ, ಸಂಸ್ಕಾರಕಗಳ ನಡುವೆ ಕೆಲಸವನ್ನು ಸಮನಾಗಿ ಹಂಚುವ ಭಾಗವೊಂದಿದೆ. ಜಿಸಿಸಿ ಕಂಪೈಲರಿನ 4.9.0ನೆಯ ಆವೃತ್ತಿಯು ಅದನ್ನು ತಪ್ಪಾಗಿ ಭಾಷಾಂತರಿಸಿತು. ‘ಸ್ಟ್ಯಾಕ್’ ಎಂಬ ಸ್ಮೃತಿಭಾಗದಲ್ಲಿ ಮೊದಲು ಸ್ಥಳವನ್ನು ಕಾದಿರಿಸಿ, ಅನಂತರ ಬೆಲೆಯನ್ನು ಇರಿಸಬೇಕು. ಇಲ್ಲಿ ಸ್ಥಳ ಕಾದಿರಿಸುವುದಕ್ಕೆ ಮೊದಲೇ ಬೆಲೆಯನ್ನು ಇರಿಸಲಾಗಿತ್ತು. ಆ ಎರಡರ ನಡುವಣ ಕ್ಷಣದಲ್ಲಿ ಬೇರೊಂದು ತುರ್ತು ಕೆಲಸವು ಅಡ್ಡಬಂದರೆ, ಅದರ ಬೆಲೆಗಳು ಹಿಂದಿನದರ ಮೇಲೆ ಬಿದ್ದು ಅದನ್ನು ಅಳಿಸಿಬಿಡಬಹುದು! ಎಂದೋ ಒಮ್ಮೆ ಮಾತ್ರ ತಲೆದೋರುವ ಇಂತಹ ತಪ್ಪಿನ ಜಾಡು ಹಿಡಿಯುವುದು ಬಹಳ ಕಷ್ಟ.

ಲಿನಸ್ ಟೋರ್ವಾಲ್ಡ್ಸ್ ಅವರು ಆ ಜುಲೈ ತಿಂಗಳಲ್ಲಿ ಕರ್ನೆಲ್ಲನ್ನು ಕಟ್ಟುವ ಸೂಚನೆಗಳಿರುವ ‘ಮೇಕ್‌ಫೈಲ್’ಗೆ ಒಂದು ಆಯ್ಕೆಯನ್ನು ಸೇರಿಸಿದರು. ದೋಷಶೋಧನೆಗೆಂದು ಚರಾಂಶಗಳ ಬೆಲೆಯ ಜಾಡನ್ನು ಬರೆದಿಡುವ ಸೌಕರ್ಯವೊಂದನ್ನು ಅದು ನಿಲ್ಲಿಸುತ್ತಿತ್ತು. ಅದು ನಿಂತರೆ ಈ ತಪ್ಪೂ ಮೂಡುತ್ತಿರಲಿಲ್ಲ. ಎಲ್ಲ ಕಂಪೈಲರುಗಳಿಗೂ ಆ ಆಯ್ಕೆ ತಿಳಿಯದಷ್ಟೆ. ಆದಕಾರಣ ‘ನಿನಗೆ ಇದು ಒಪ್ಪಿಗೆಯೇ?’ ಎಂದು ಮೊದಲು ಕೇಳಿ, ಒಪ್ಪಿದರೆ ಮಾತ್ರ ಸೇರಿಸುವ ಏರ್ಪಾಡೂ ಇದ್ದಿತು. ಇದಕ್ಕೆ ತೆತ್ತ ಬೆಲೆಯೆಂದರೆ, ದೋಷ ಹುಡುಕುವವರಿಗೆ ದೊರೆಯುವ ಮಾಹಿತಿ ಕುಂದಿದುದು.

ಹೊಸ ಆವೃತ್ತಿಗಳಲ್ಲಿ ದೋಷವು ನಿವಾರಣೆಯಾದರೂ ಈ ಬಳಸುದಾರಿ ಎಲ್ಲರಿಗೂ ಅನ್ವಯಿಸುತ್ತಲೇ ಉಳಿಯಿತು. 2020ರಲ್ಲಿ, ಜಿಸಿಸಿಯ 5ಕ್ಕಿಂತ ಹಳೆಯ ಆವೃತ್ತಿಗಳಿಗೆ ಮಾತ್ರ ಅದನ್ನು ಮಿತಗೊಳಿಸಲಾಯಿತು. ಯಾವ ದೋಷಕ್ಕಾಗಿ ಹಾಕಿದುದೆಂಬ ಟಿಪ್ಪಣಿಯು ಉಳಿದಿದ್ದುದರಿಂದಲೇ ಇದು ಸಾಧ್ಯವಾಯಿತು.

ಪ್ರೋಗ್ರಾಮು ಬರೆಯಲು ಕಲಿಯುತ್ತಿರುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ತಮ್ಮ ಬರವಣಿಗೆಯನ್ನು ಚೆನ್ನಾಗಿ ಶೋಧಿಸಿದ ಬಳಿಕವೇ ಕಂಪೈಲರನ್ನು ಶಂಕಿಸತಕ್ಕದ್ದು. ಶಂಕೆ ನಿಜವಾದರೆ, ತಪ್ಪನ್ನು ತೋರಿಸುವ ಚಿಕ್ಕ ಉದಾಹರಣೆಯನ್ನು ಕಂಪೈಲರಿನ ಕರ್ತೃಗಳಿಗೆ ಕಳುಹಿಸಬೇಕು. ಬಳಸುದಾರಿ ಹಿಡಿದಾಗ ಅದರ ಕಾರಣವನ್ನೂ ಮೇರೆಯನ್ನೂ ಅಲ್ಲಿಯೇ ಬರೆದಿಡಬೇಕು. ಮುಂದೆ ಅದನ್ನು ಧೈರ್ಯವಾಗಿ ತೆಗೆದುಹಾಕುವವನಿಗೆ ಆ ಎರಡು ಸಾಲುಗಳೇ ಆಧಾರ.