ಬೆಸ್ಟ್ ಸಂಸ್ಥೆ: ಮುಂಬಯಿ ನಗರದ ಬಸ್ಸು ಮತ್ತು ವಿದ್ಯುತ್ ಸೇವೆಗಳ ಕುರಿತು ನಾಗರಿಕರಿಗೆ ಮಾಹಿತಿ

ಬೃಹನ್ಮುಂಬಯಿ ವಿದ್ಯುತ್ ಸರಬರಾಜು ಮತ್ತು ಸಾರಿಗೆ ಸಂಸ್ಥೆಯು ಜನಸಾಮಾನ್ಯರಲ್ಲಿ ಬೆಸ್ಟ್ ಎಂಬ ಹೆಸರಿನಿಂದಲೇ ಪರಿಚಿತವಾಗಿದೆ. ಇದು ಬೃಹನ್ಮುಂಬಯಿ ಮಹಾನಗರ ಪಾಲಿಕೆಗೆ ಸೇರಿದ ಉದ್ಯಮವಾಗಿದ್ದು, ಒಂದೇ ಆಡಳಿತದಡಿ ಎರಡು ಸೇವೆಗಳನ್ನು ಒದಗಿಸುತ್ತದೆ. ಈ ಎರಡು ಸೇವೆಗಳ ವ್ಯಾಪ್ತಿ ಒಂದೇ ಅಲ್ಲವೆಂಬುದನ್ನು ಅರ್ಜಿದಾರರು ಮೊದಲು ಗಮನಿಸತಕ್ಕದ್ದು.

ಬೆಸ್ಟ್ ಬಸ್ಸುಗಳು ಮುಂಬಯಿಯ ಎಲ್ಲ ಭಾಗಗಳಲ್ಲಿಯೂ, ನಗರದ ಗಡಿಯಾಚೆ ಠಾಣೆ, ನವಿ ಮುಂಬಯಿ ಹಾಗೂ ಮೀರಾ-ಭಾಯಂದರ್ ಪ್ರದೇಶಗಳ ಕೆಲವು ಮಾರ್ಗಗಳಲ್ಲಿಯೂ ಸಂಚರಿಸುತ್ತವೆ. ವಿದ್ಯುತ್ ಸರಬರಾಜು ಮಾತ್ರ ದ್ವೀಪನಗರಕ್ಕೆ, ಅಂದರೆ ಕೊಲಾಬಾದಿಂದ ಮಾಹಿಮ್ ಮತ್ತು ಸಯಾನ್‌ವರೆಗಿನ ಭಾಗಕ್ಕೆ ಸೀಮಿತವಾಗಿದೆ. ಕನ್ನಡಿಗರು ಬಹುಕಾಲದಿಂದ ನೆಲೆಸಿರುವ ಮಾಟುಂಗಾದ ನಿವಾಸಿಯು ಎರಡೂ ಸೇವೆಗಳಿಗೆ ಬೆಸ್ಟ್ ಗ್ರಾಹಕನಾಗಿರಬಹುದು. ಅದೇ ಕುಟುಂಬವು ಮುಲುಂಡಿಗೆ ಮನೆ ಬದಲಿಸಿದಲ್ಲಿ ಬಸ್ಸು ಬೆಸ್ಟ್‌ನದೇ ಆಗಿರುತ್ತದೆ, ವಿದ್ಯುತ್ ಮೀಟರಿಗೆ ರಾಜ್ಯ ವಿದ್ಯುತ್ ವಿತರಣಾ ಕಂಪನಿಗೆ ಅರ್ಜಿ ಸಲ್ಲಿಸಬೇಕಾಗುತ್ತದೆ. ಇನ್ನೂ ಮುಂದೆ ಡೊಂಬಿವಲಿಗೆ ಹೋದವರಿಗೆ ಸ್ಥಳೀಯ ಬಸ್ಸು ಕೂಡ ಬೇರೆ ಪಾಲಿಕೆಯದು. ಹೊಸದಾಗಿ ನಗರಕ್ಕೆ ಬಂದವರು ಈ ವ್ಯತ್ಯಾಸ ತಿಳಿಯದೆ ತಪ್ಪು ಕಚೇರಿಯಲ್ಲಿ ಸರದಿ ನಿಲ್ಲುವುದುಂಟು.

ಎರಡು ಸೇವೆಗಳು ಒಂದಾದ ಬಗೆ

ಮುಂಬಯಿಯಲ್ಲಿ ಕುದುರೆ ಎಳೆಯುವ ಟ್ರಾಮುಗಳು 1874ರ ಮೇ 9ರಂದು ಆರಂಭವಾದವು. ಟ್ರಾಮುಗಳನ್ನು ವಿದ್ಯುತ್ತಿನಿಂದ ನಡೆಸಲು ತೀರ್ಮಾನಿಸಿದಾಗ ವಿದ್ಯುತ್ತನ್ನು ಉತ್ಪಾದಿಸುವವರೂ ಬೇಕಾದರು. ಹೀಗಾಗಿ 1905ರಲ್ಲಿ ಸ್ಥಾಪನೆಯಾದ ಕಂಪನಿಯು ಬಂದರಿಗೆ ಸಮೀಪದ ವಾಡಿಬಂದರಿನಲ್ಲಿ ಉಗಿಯಿಂದ ನಡೆಯುವ ವಿದ್ಯುದಾಗಾರವನ್ನು ನಿರ್ಮಿಸಿ, ಟ್ರಾಮುಗಳನ್ನು ಓಡಿಸುವುದರೊಂದಿಗೆ ನಗರಕ್ಕೂ ವಿದ್ಯುತ್ ಮಾರುವ ವ್ಯವಹಾರವನ್ನು ಕೈಗೊಂಡಿತು. ವಿದ್ಯುತ್ ಟ್ರಾಮು 1907ರ ಮೇ 7ರಂದು ಓಡಿತು. ಮೊದಲ ಮೋಟಾರು ಬಸ್ಸು 1926ರ ಜುಲೈ 15ರಂದು ಅಫ್ಘನ್ ಚರ್ಚ್‌ನಿಂದ ಕ್ರಾಫರ್ಡ್ ಮಾರ್ಕೆಟ್‌ವರೆಗೆ ಸಂಚರಿಸಿತು. 1947ರ ಆಗಸ್ಟ್ 7ರಂದು, ಸ್ವಾತಂತ್ರ್ಯಕ್ಕೆ ಎಂಟು ದಿನ ಮೊದಲು, ಕಂಪನಿಯು ಪಾಲಿಕೆಯ ಸ್ವಾಧೀನಕ್ಕೆ ಬಂದಿತು. ಟ್ರಾಮುಗಳು 1964ರ ಮಾರ್ಚ್ 31ರಂದು ನಿಂತವು. ಅನಿಕ್ ಡಿಪೋದಲ್ಲಿ ಸಂಸ್ಥೆಯದೇ ಆದ ವಸ್ತುಸಂಗ್ರಹಾಲಯವಿದ್ದು, ಈ ಇತಿಹಾಸದಲ್ಲಿ ಆಸಕ್ತಿಯುಳ್ಳವರು ಅಲ್ಲಿಗೆ ಭೇಟಿ ನೀಡಬಹುದು.

ಬಸ್ಸುಗಳ ಸಂಖ್ಯೆ ಕಡಿಮೆಯಾಗಿರುವುದಕ್ಕೆ ಕಾರಣ

ನಿಲ್ದಾಣದಲ್ಲಿ ಕಾಯುವ ಪ್ರಯಾಣಿಕರು ಹೆಚ್ಚಾಗಿ ಕೇಳುವ ಪ್ರಶ್ನೆ ಇದೇ ಆಗಿದೆ. ನಗರ ಬಸ್ಸು ಸೇವೆಯು ಟಿಕೆಟ್ ಹಣದಿಂದಲೇ ಪೂರ್ಣವಾಗಿ ನಡೆಯುವುದು ಎಲ್ಲಿಯೂ ಅಪರೂಪ. ಬೆಸ್ಟ್‌ನಲ್ಲಿ ದಶಕಗಳ ಕಾಲ ವಿದ್ಯುತ್ ವಿಭಾಗದ ಉಳಿಕೆಯು ಸಾರಿಗೆಯ ಕೊರತೆಯನ್ನು ತುಂಬುತ್ತಿತ್ತು. ಮುಂದೆ ವಿದ್ಯುತ್ ದರಗಳು ನಿಯಂತ್ರಣ ಆಯೋಗದ ಪರಿಶೀಲನೆಗೆ ಒಳಪಟ್ಟವು. ಕೆಲವು ವರ್ಷ ಸಾರಿಗೆ ನಷ್ಟದ ಬಾಬ್ತು ವಿದ್ಯುತ್ ಬಿಲ್ಲಿನಲ್ಲಿಯೇ ಪ್ರತ್ಯೇಕ ಶುಲ್ಕ ವಸೂಲಾಗುತ್ತಿತ್ತು. ಒಂದು ಮನೆಯ ದೀಪದ ಬಿಲ್ಲಿನಲ್ಲಿ ಇನ್ನೊಬ್ಬರ ಬಸ್ಸಿನ ಖರ್ಚು ಸೇರುವುದು ಸರಿಯೇ ಎಂಬ ಆಕ್ಷೇಪಣೆ ಸಹಜವಾಗಿಯೇ ಎದ್ದಿತು. ಆ ಶುಲ್ಕ ನಿಂತ ನಂತರ ಬಸ್ಸು ಸೇವೆಯು ಪಾಲಿಕೆಯ ಅನುದಾನ ಮತ್ತು ಸಾಲವನ್ನು ಅವಲಂಬಿಸುವ ಸ್ಥಿತಿಗೆ ಬಂದಿತು.

2019ರ ಜನವರಿಯಲ್ಲಿ ನೌಕರರು ಒಂಬತ್ತು ದಿನ ಮುಷ್ಕರ ಹೂಡಿದರು. ಅದೇ ವರ್ಷ ಜುಲೈ 9ರಿಂದ ಕನಿಷ್ಠ ದರವನ್ನು ಸಾಮಾನ್ಯ ಬಸ್ಸಿಗೆ 5 ರೂಪಾಯಿ ಹಾಗೂ ಹವಾನಿಯಂತ್ರಿತ ಬಸ್ಸಿಗೆ 6 ರೂಪಾಯಿಗೆ ಇಳಿಸಲಾಯಿತು. ಜೊತೆಗೆ ಖಾಸಗಿ ಗುತ್ತಿಗೆದಾರರ ಬಸ್ಸುಗಳನ್ನು ಬಾಡಿಗೆಗೆ ಪಡೆಯುವ ಪದ್ಧತಿ ಆರಂಭವಾಯಿತು. ಇದರಲ್ಲಿ ವಾಹನ, ಚಾಲಕ ಮತ್ತು ದುರಸ್ತಿ ಗುತ್ತಿಗೆದಾರರ ಹೊಣೆ. ಓಡಿದ ಕಿಲೋಮೀಟರಿಗೆ ಇಂತಿಷ್ಟು ಎಂದು ಸಂಸ್ಥೆಯು ಹಣ ಪಾವತಿಸುತ್ತದೆ. ಮಾರ್ಗ, ದರ ಮತ್ತು ಟಿಕೆಟ್ ಆದಾಯ ಸಂಸ್ಥೆಯ ಕೈಯಲ್ಲಿಯೇ ಉಳಿಯುತ್ತದೆ. ಆ ವರ್ಷ ಕಾರ್ಮಿಕ ಸಂಘದೊಂದಿಗೆ ಆದ ಒಪ್ಪಂದದಲ್ಲಿ 3,337 ಸ್ವಂತ ಬಸ್ಸುಗಳನ್ನು ಉಳಿಸಿಕೊಳ್ಳುವ ಮಾತಿತ್ತು. ಅದು ನಡೆಯಲಿಲ್ಲ. ಆಯುಷ್ಯ ಮುಗಿದ ಬಸ್ಸುಗಳು ಸರದಿಯಂತೆ ಹೊರಬಿದ್ದವು, ಅವುಗಳ ಸ್ಥಾನಕ್ಕೆ ಸಾಕಷ್ಟು ಹೊಸವು ಬರಲಿಲ್ಲ, ಕೆಲವು ಗುತ್ತಿಗೆದಾರರು ನಷ್ಟದ ಕಾರಣ ನೀಡಿ ಮಧ್ಯದಲ್ಲಿಯೇ ಸೇವೆ ಕೈಬಿಟ್ಟರು. 2010ರ ಸುಮಾರಿಗೆ 4,000ಕ್ಕೂ ಹೆಚ್ಚಿದ್ದ ಬಸ್ಸುಗಳು 2025ರ ವೇಳೆಗೆ 3,000ಕ್ಕಿಂತ ಕೆಳಗಿಳಿದವು; ಅವುಗಳಲ್ಲಿ ಸಂಸ್ಥೆಯ ಸ್ವಂತದ್ದು ಕೆಲವು ನೂರು ಮಾತ್ರ.

ಈ ಪದ್ಧತಿಯಲ್ಲಿ ಹೊಣೆ ಯಾರದೆಂಬ ಪ್ರಶ್ನೆ 2023ರ ಆಗಸ್ಟ್‌ನಲ್ಲಿ ಗುತ್ತಿಗೆ ಚಾಲಕರು ವೇತನಕ್ಕಾಗಿ ಮುಷ್ಕರ ಹೂಡಿದಾಗ ಎದ್ದಿತು. 2024ರ ಡಿಸೆಂಬರ್ 9ರ ರಾತ್ರಿ ಕುರ್ಲಾದಲ್ಲಿ 332ನೇ ಮಾರ್ಗದ ಗುತ್ತಿಗೆ ಬಸ್ಸೊಂದು ಜನಸಂದಣಿಗೆ ನುಗ್ಗಿ ಹಲವರು ಮೃತಪಟ್ಟಾಗ, ಚಾಲಕರ ತರಬೇತಿಯ ವಿಷಯದಲ್ಲಿ ಅದು ಇನ್ನಷ್ಟು ತೀವ್ರವಾಗಿ ಕೇಳಿಬಂದಿತು. ಪ್ರಯಾಣಿಕರ ದೃಷ್ಟಿಯಿಂದ ಹೇಳುವುದಾದರೆ, ಬಸ್ಸಿನ ಮೇಲೆ ಬೆಸ್ಟ್ ಹೆಸರಿದ್ದು ಬೆಸ್ಟ್ ಟಿಕೆಟ್ ನೀಡಲಾಗಿದ್ದಲ್ಲಿ ದೂರನ್ನು ಬೆಸ್ಟ್ ಸಂಸ್ಥೆಗೇ ಸಲ್ಲಿಸತಕ್ಕದ್ದು. ಗುತ್ತಿಗೆದಾರರನ್ನು ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ.

ದರ ಮತ್ತು ಪ್ರಯಾಣ

2025ರ ಮೇ 9ರಿಂದ ಜಾರಿಗೆ ಬಂದ ಪರಿಷ್ಕರಣೆಯಂತೆ ಮೊದಲ 5 ಕಿಲೋಮೀಟರಿಗೆ ಸಾಮಾನ್ಯ ಬಸ್ಸಿನಲ್ಲಿ 10 ರೂಪಾಯಿ, ಹವಾನಿಯಂತ್ರಿತ ಬಸ್ಸಿನಲ್ಲಿ 12 ರೂಪಾಯಿ ನಿಗದಿಯಾಯಿತು. ದಿನನಿತ್ಯ ಪ್ರಯಾಣಿಸುವವರು ಪಾಸು ಪಡೆಯುವ ಮೊದಲು ತಮ್ಮ ಮಾರ್ಗದಲ್ಲಿ ನಿಜವಾಗಿ ಎಷ್ಟು ಬಸ್ಸುಗಳು ಓಡುತ್ತವೆ ಎಂಬುದನ್ನು ಕೆಲವು ದಿನ ನೋಡಿಕೊಳ್ಳುವುದು ಒಳಿತು. ನವಿ ಮುಂಬಯಿ ಮತ್ತು ಠಾಣೆ ಪಾಲಿಕೆಗಳ ಬಸ್ಸುಗಳೂ ಮುಂಬಯಿಯ ರಸ್ತೆಗಳಲ್ಲಿ ಸಂಚರಿಸುತ್ತವೆ. ಅವು ಬೇರೆ ಸಂಸ್ಥೆಗಳಾಗಿದ್ದು, ಬೆಸ್ಟ್ ಪಾಸು ಅವುಗಳಲ್ಲಿ ಸಲ್ಲುವುದಿಲ್ಲ. ಬೆಸ್ಟ್ ಬಸ್ಸಿನ ಮುಂಭಾಗದಲ್ಲಿ ಮಾರ್ಗಸಂಖ್ಯೆಯನ್ನು ದೇವನಾಗರಿ ಅಂಕಿಗಳಲ್ಲಿ ಬರೆಯುವುದು ರೂಢಿ. ಅಂಕಿಗಳ ಪರಿಚಯವಿಲ್ಲದವರು ಬಸ್ಸಿನ ಪಕ್ಕದಲ್ಲಿರುವ ಇಂಗ್ಲಿಷ್ ಫಲಕವನ್ನು ನೋಡಬಹುದು, ಆದರೆ ಅಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ಹತ್ತು ಅಂಕಿಗಳನ್ನು ಕಲಿತುಕೊಳ್ಳುವುದೇ ಸುಲಭ.

ಅರ್ಜಿ ಮತ್ತು ದೂರು

ದ್ವೀಪನಗರದಲ್ಲಿ ಹೊಸ ವಿದ್ಯುತ್ ಸಂಪರ್ಕ ಬಯಸುವವರು ಗುರುತಿನ ದಾಖಲೆ, ಸ್ಥಳದ ಸ್ವಾಧೀನದ ದಾಖಲೆ ಹಾಗೂ ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದ ತಂತಿಜೋಡಣೆಯ ಪರೀಕ್ಷಾ ವರದಿಯನ್ನು ಸಿದ್ಧಪಡಿಸಿಕೊಳ್ಳುವುದು. ವಿದ್ಯುತ್ ಕುರಿತ ದೂರು ಸಂಸ್ಥೆಯೊಳಗೆ ಇತ್ಯರ್ಥವಾಗದಿದ್ದಲ್ಲಿ, 2003ರ ವಿದ್ಯುತ್ ಕಾಯಿದೆಯನ್ವಯ ರಚನೆಯಾದ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆಗೂ, ಅಲ್ಲಿಂದ ವಿದ್ಯುತ್ ಓಂಬುಡ್ಸ್‌ಮನ್ ಅವರಿಗೂ ಮೊರೆ ಹೋಗಲು ಅವಕಾಶವಿದೆ.

ಬಸ್ಸು ಪ್ರಯಾಣಿಕರಿಗೆ ಇಂತಹ ಪ್ರತ್ಯೇಕ ವೇದಿಕೆ ಆ ಕಾಯಿದೆಯಲ್ಲಿಲ್ಲ. ಹಿಂದೆ ಪಾಲಿಕೆಯ ಸದಸ್ಯರ ಮೂಲಕ ಬೆಸ್ಟ್ ಸಮಿತಿಯ ಗಮನಕ್ಕೆ ತರುವುದು ಅವರಿಗಿದ್ದ ದಾರಿಯಾಗಿತ್ತು. 2022ರ ಮಾರ್ಚ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ನಂತರ ಮೂರು ವರ್ಷಗಳಿಗೂ ಹೆಚ್ಚು ಕಾಲ ಚುನಾಯಿತ ಸಮಿತಿಯೇ ಇರಲಿಲ್ಲ. ಆದುದರಿಂದ ಬಸ್ಸಿನ ದೂರುಗಳನ್ನು ಲಿಖಿತವಾಗಿ ಡಿಪೋ ಅಧಿಕಾರಿಗೆ ಅಥವಾ ಕೊಲಾಬಾದ ಬೆಸ್ಟ್ ಭವನದಲ್ಲಿರುವ ಕೇಂದ್ರ ಕಚೇರಿಗೆ ನೀಡುವುದು ಸೂಕ್ತ. ದೂರಿನಲ್ಲಿ ಮಾರ್ಗಸಂಖ್ಯೆ, ವಾಹನದ ನೋಂದಣಿ ಸಂಖ್ಯೆ, ದಿನಾಂಕ, ವೇಳೆ ಹಾಗೂ ಸ್ಥಳವನ್ನು ನಮೂದಿಸಿ ಟಿಕೆಟಿನ ಪ್ರತಿಯನ್ನು ಲಗತ್ತಿಸತಕ್ಕದ್ದು. ಮಾರ್ಗಸಂಖ್ಯೆಯೊಂದನ್ನೇ ಬರೆದರೆ ಸಾಲದು. ಒಂದೇ ಮಾರ್ಗದಲ್ಲಿ ಒಂದಕ್ಕಿಂತ ಹೆಚ್ಚು ಡಿಪೋಗಳ ಬಸ್ಸುಗಳು ಓಡಬಹುದಾದುದರಿಂದ ನೋಂದಣಿ ಸಂಖ್ಯೆಯಿಲ್ಲದ ದೂರು ಯಾವ ಚಾಲಕನಿಗೆ ಸಂಬಂಧಿಸಿದ್ದೆಂದು ಗುರುತಿಸುವುದು ಕಷ್ಟವಾಗುತ್ತದೆ. ದೂರು ಸ್ವೀಕರಿಸಿದ ಬಗ್ಗೆ ಮೊಹರು ಸಹಿತ ಹಿಂಬರಹ ಪಡೆದು ಇಟ್ಟುಕೊಳ್ಳುವುದು.