ಹರಿದ ಪುಸ್ತಕಕ್ಕೆ ಹರಿದ ಸಿನಿಮಾ

ಮುಕ್ಕಾಲು ಪಾಲು ಪುಟಗಳೇ ಕಳೆದುಹೋದ ಒಂದು ಕಾದಂಬರಿ ಕೈಗೆ ಕೊಟ್ಟು, ಸಿನಿಮಾ ಮಾಡಿ ಅಂದ್ರೆ ಏನು ಮಾಡ್ತೀರಿ? ಇಲ್ಲದ್ದನ್ನ ನೀವೇ ಬರೆದು ತುಂಬಿಸ್ತೀರಿ, ಅಲ್ವಾ? ಇಟಲಿಯ ಫೆಡೆರಿಕೊ ಫೆಲಿನಿ 1969ರಲ್ಲಿ ಬೇರೆಯದೇ ದಾರಿ ಹಿಡಿದರು.

ಕಾದಂಬರಿಯ ಹೆಸರು ‘ಸ್ಯಾಟಿರಿಕಾನ್’. ಬರೆದವನು ಪೆಟ್ರೋನಿಯಸ್. ನೀರೋ ಆಸ್ಥಾನದಲ್ಲಿ ಯಾವುದು ಸೊಗಸು, ಯಾವುದು ಅಲ್ಲ ಅಂತ ತೀರ್ಪು ಕೊಡ್ತಿದ್ದ ಪೆಟ್ರೋನಿಯಸ್ ಇವನೇ ಅಂತಾರೆ ಬಹುತೇಕ ವಿದ್ವಾಂಸರು. ಆ ಮನುಷ್ಯ ಪಿತೂರಿಯ ಆರೋಪ ಹೊತ್ತು, ಕ್ರಿ.ಶ. 66ರಲ್ಲಿ ತನ್ನ ನರ ತಾನೇ ಕೊಯ್ದುಕೊಂಡು, ಗೆಳೆಯರ ಜತೆ ಹರಟುತ್ತಲೇ ಸತ್ತ.

ಪುಸ್ತಕದಲ್ಲಿ ಉಳಿದಿರೋದರಲ್ಲಿ ದೊಡ್ಡ ತುಣುಕು ಟ್ರಿಮಾಲ್ಕಿಯೊನ ಔತಣ. ಈತ ಗುಲಾಮನಾಗಿದ್ದು, ಬಿಡುಗಡೆಯಾಗಿ, ಕೈತುಂಬ ದುಡ್ಡು ಮಾಡಿದವನು. ಅತಿಥಿಗಳ ಮುಂದೆ ತನ್ನ ಶವಸಂಸ್ಕಾರದ ರಿಹರ್ಸಲ್ ಮಾಡ್ತಾನೆ! ಕಹಳೆ ಎಷ್ಟು ಜೋರಾಗಿ ಊದ್ತಾರೆ ಅಂದ್ರೆ, ಎಲ್ಲೋ ಬೆಂಕಿ ಬಿತ್ತು ಅಂದುಕೊಂಡು ಕಾವಲಿನವರು ಬಾಗಿಲು ಒಡೆದು ನೀರು, ಕೊಡಲಿ ಸಮೇತ ನುಗ್ತಾರೆ. ಫೆಲಿನಿ ಈ ಪಾತ್ರವನ್ನ ಕೊಟ್ಟಿದ್ದು ದೊಡ್ಡ ನಟನಿಗಲ್ಲ, ರೋಮ್‌ನಲ್ಲಿ ಹೋಟೆಲ್ ನಡೆಸುತ್ತಿದ್ದ ಮಾರಿಯೋ ರೊಮಾನ್ಯೊಲಿಗೆ. ಊಟ ಹಾಕೋದು ಗೊತ್ತಿದ್ದವರು!

ಫೆಲಿನಿ ತಮ್ಮ ಕಲ್ಪನೆಯ ಪ್ರಸಂಗಗಳನ್ನೂ ಸೇರಿಸಿದರು, ಸುಳ್ಳು ಹೇಳಬಾರದು. ಆದ್ರೆ ತುಣುಕುಗಳಿಗೆ ಹೊಲಿಗೆ ಹಾಕಲಿಲ್ಲ. ಎನ್‌ಕೋಲ್ಪಿಯಸ್ ಎಂಬ ಯುವಕ ಒಂದು ದೃಶ್ಯದಿಂದ ಇನ್ನೊಂದಕ್ಕೆ ಬಂದುಬಿಡ್ತಾನೆ. ಹೇಗೆ ಬಂದ ಅಂತ ಎಷ್ಟೋ ಕಡೆ ಯಾರೂ ಹೇಳಲ್ಲ. ಮೊದಲ ಸಲ ನೋಡಿದಾಗ ನನಗೆ ಸಿಟ್ಟು ಬಂದಿತ್ತು. ಆಮೇಲೆ ನನ್ನ ಕಸುಬು ನೆನಪಾಯ್ತು. ಹತ್ತು ಸೆಕೆಂಡಿನ ದೃಶ್ಯ ಸಿಕ್ಕರೆ ಸಾಕು, ಅದರ ಹಿಂದುಮುಂದನ್ನ ನಾವೇ ಊಹಿಸಿ, ಮ್ಯೂಸಿಕ್ ಹಾಕಿ ಅರ್ಧ ಗಂಟೆ ಎಳೀತೀವಿ. ಎರಡು ಸಾವಿರ ವರ್ಷ ಹಿಂದಿನ ಜನ ನಮಗೆ ಪೂರ್ತಿ ಗೊತ್ತು ಅಂತ ನಟಿಸಲಿಲ್ಲವಲ್ಲ ಈ ಮನುಷ್ಯ!

ಅದೇ ವರ್ಷ ಇನ್ನೊಬ್ಬ ನಿರ್ದೇಶಕ, ಪೊಲಿಡೋರೊ, ಅದೇ ಹೆಸರಿನ ಸಿನಿಮಾ ಮಾಡಿದರು. ಹೆಸರು ಅವರ ಕಡೆಯವರ ಕೈಲಿತ್ತು. ಹಾಗಾಗಿ ಇವರದ್ದು ‘ಫೆಲಿನಿ ಸ್ಯಾಟಿರಿಕಾನ್’ ಆಯ್ತು. ಒಳ್ಳೇದೇ ಆಯ್ತು ಬಿಡಿ, ಅದು ಪೆಟ್ರೋನಿಯಸ್‌ನದು ಎಷ್ಟೋ, ಫೆಲಿನಿಯದೂ ಅಷ್ಟೇ.

ಕೊನೆಯಲ್ಲಿ ಎನ್‌ಕೋಲ್ಪಿಯಸ್ ಹಡಗು ಹತ್ತಿ ಹೊರಟಿದ್ದಾನೆ, ಕಂಡ ಊರುಗಳ ಕಥೆ ಹೇಳ್ತಿದ್ದಾನೆ. ವಾಕ್ಯದ ನಡುವೆಯೇ ಮಾತು ನಿಂತುಹೋಗುತ್ತದೆ. ಅವನ ಮುಖ ಗೋಡೆಯ ಮೇಲಿನ ಚಿತ್ರವಾಗುತ್ತದೆ. ಕ್ಯಾಮೆರಾ ಹಿಂದೆ ಸರಿದರೆ ಕಾಣೋದು ಸಮುದ್ರದ ಪಕ್ಕ ಒಂದಷ್ಟು ಮುರಿದ ಗೋಡೆಗಳು. ಅವುಗಳ ಮೇಲೆ ಅಷ್ಟು ಹೊತ್ತು ನಾವು ನೋಡಿದ ಮುಖಗಳು.