ಮೊದಲ ಗೋಸುಂಬೆ: ಬ್ರೀಡರ್‌ನಿಂದ ಕೊಳ್ಳುವವರಿಗೆ

ಕನ್ನಡದಲ್ಲಿ ಗೋಸುಂಬೆ, ಊಸರವಳ್ಳಿ ಎಂಬ ಹೆಸರುಗಳು ಪ್ರಾಣಿಯ ಸಂದರ್ಭಕ್ಕಿಂತ ಹೆಚ್ಚಾಗಿ ಪಕ್ಷಾಂತರಿಗಳ ಸಂದರ್ಭದಲ್ಲಿ ಬಳಕೆಯಾಗುತ್ತವೆ. ಬೇಲಿಯ ಮೇಲೆ ತಲೆ ಕುಣಿಸುವ ಓತಿಕ್ಯಾತವನ್ನೇ ಗೋಸುಂಬೆಯೆಂದು ತಿಳಿದವರೂ ನಮ್ಮಲ್ಲಿ ಕಡಿಮೆಯಿಲ್ಲ. ಭಾರತದ ನಿಜವಾದ ಗೋಸುಂಬೆ ಕರ್ನಾಟಕದ ಒಣ ಕುರುಚಲು ಕಾಡುಗಳಲ್ಲಿ ಇಂದಿಗೂ ಇದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿರುವುದರಿಂದ ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಹೀಗಾಗಿ ಅಮೆರಿಕದಲ್ಲಿ ಬೆಳೆಯುತ್ತಿರುವ ಕನ್ನಡದ ಮಗುವೊಂದು ತನಗೊಂದು ಗೋಸುಂಬೆ ಬೇಕೆಂದು ಹಟ ಹಿಡಿದಾಗ ತಂದೆತಾಯಿಗಳಿಗೆ ಊರಿನ ಅನುಭವದ ಆಸರೆ ಇರುವುದಿಲ್ಲ. ನಾಯಿ, ಬೆಕ್ಕು, ಹಸುವಿನ ವಿಷಯವಾದರೆ ಅಜ್ಜಿಗೆ ಫೋನ್ ಮಾಡಿ ಕೇಳಬಹುದು, ಇದನ್ನು ಕೇಳುವಂತಿಲ್ಲ.

ಐದು ವರ್ಷಗಳಿಂದ ನಮ್ಮ ಮನೆಯಲ್ಲಿ ಒಂದು ಗಂಡು ಪ್ಯಾಂಥರ್ ಗೋಸುಂಬೆ ಇದೆ. ಅದನ್ನು ನೋಡಲು ಬರುವ ಸ್ನೇಹಿತರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು: ಬೆಲೆ ಎಷ್ಟು, ಬಣ್ಣ ಯಾವಾಗ ಬದಲಾಗುತ್ತದೆ. ಅದು ಎಲ್ಲಿ, ಯಾರ ಕೈಯಲ್ಲಿ ಹುಟ್ಟಿತು ಎಂದು ಕೇಳುವವರು ವಿರಳ. ನನ್ನ ತಿಳಿವಳಿಕೆಯಂತೆ ಗೋಸುಂಬೆ ಕೊಳ್ಳುವವರು ಮೊಟ್ಟಮೊದಲು ಕೇಳಬೇಕಾದದ್ದು ಅದನ್ನೇ.

ಏಕೆಂದರೆ ಗೋಸುಂಬೆ ತನ್ನ ಕಾಯಿಲೆಯನ್ನು ಮುಚ್ಚಿಡುವ ಪ್ರಾಣಿ. ಕಾಡಿನಲ್ಲಿ ದುರ್ಬಲವಾಗಿ ಕಂಡದ್ದನ್ನು ಹದ್ದೋ ಹಾವೋ ಮೊದಲು ಹಿಡಿಯುತ್ತದೆ. ಆದ್ದರಿಂದ ಅದು ಕೊನೆಯ ಹಂತದವರೆಗೂ ಆರೋಗ್ಯವಾಗಿರುವಂತೆಯೇ ತೋರುತ್ತದೆ. ಮಾಲೀಕನ ಕಣ್ಣಿಗೆ ಲಕ್ಷಣಗಳು ಬೀಳುವ ಹೊತ್ತಿಗೆ ಪಶುವೈದ್ಯರ ಕೈಯಲ್ಲೂ ಹೆಚ್ಚೇನೂ ಉಳಿದಿರುವುದಿಲ್ಲ. ಕಾಡಿನಿಂದ ಹಿಡಿದು ತಂದ ಗೋಸುಂಬೆಯ ಹೊಟ್ಟೆಯಲ್ಲಿ ಪರಾವಲಂಬಿ ಹುಳುಗಳಿರುವುದು ಸಾಮಾನ್ಯ. ದಿನಗಟ್ಟಲೆ ನೀರಿಲ್ಲದ ಪ್ರಯಾಣ, ಇಕ್ಕಟ್ಟಿನ ಚೀಲ, ಪಕ್ಕದಲ್ಲೇ ಇತರ ಗೋಸುಂಬೆಗಳು, ಇವೆಲ್ಲವೂ ಸೇರಿದಾಗ ಒಳಗಿದ್ದ ಹುಳುಗಳು ಮೇಲುಗೈ ಪಡೆಯುತ್ತವೆ. ಜಗತ್ತಿನ ಇನ್ನೂರಕ್ಕೂ ಹೆಚ್ಚು ಗೋಸುಂಬೆ ಪ್ರಭೇದಗಳಲ್ಲಿ ಸುಮಾರು ಅರ್ಧದಷ್ಟು ಮಡಗಾಸ್ಕರ್ ದ್ವೀಪದಲ್ಲಿವೆ. ಬಹುತೇಕ ಎಲ್ಲವೂ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. ಅಂದರೆ ವ್ಯಾಪಾರ ನಿಷಿದ್ಧವಲ್ಲ, ಆದರೆ ಪರವಾನಗಿ ಬೇಕು. ಪರವಾನಗಿಯಿದ್ದ ಮಾತ್ರಕ್ಕೆ ಪ್ರಾಣಿ ಆರೋಗ್ಯವಾಗಿದೆಯೆಂದು ಅರ್ಥವಲ್ಲ. ಫ್ಲಾರಿಡಾದಲ್ಲಿ ಯಾರೋ ಬಿಟ್ಟ ವೇಲ್ಡ್ ಗೋಸುಂಬೆಗಳು ಹೊರಗೇ ಸಂತಾನ ಬೆಳೆಸಿಕೊಂಡಿವೆ. ಅಲ್ಲಿ ರಾತ್ರಿ ಟಾರ್ಚ್ ಹಿಡಿದು ಹಿಡಿದವೂ ಮಾರಾಟಕ್ಕೆ ಬರುತ್ತವೆ.

ಬ್ರೀಡರ್ ಎಂದರೆ ತನ್ನಲ್ಲಿರುವ ಜೋಡಿಯಿಂದ ಮೊಟ್ಟೆ ಇಡಿಸಿ, ಮರಿ ಮಾಡಿಸಿ, ಬೆಳೆಸಿ ಮಾರುವವರು. ದೊಡ್ಡ ಸಾಕುಪ್ರಾಣಿ ಅಂಗಡಿಯ ಗಾಜಿನ ಪೆಟ್ಟಿಗೆಯ ಮೇಲೆ ಬೆಲೆ ಬರೆದಿರುತ್ತದೆ, ಹುಟ್ಟಿದ ದಿನಾಂಕ ಬರೆದಿರುವುದಿಲ್ಲ. ಬ್ರೀಡರ್ ಆ ದಿನಾಂಕವನ್ನು ಹೇಳಬಲ್ಲವರಾಗಿರಬೇಕು. ಅದರ ಹಿಂದಿರುವ ಶ್ರಮವೂ ಸಣ್ಣದಲ್ಲ. ಪ್ಯಾಂಥರ್ ಗೋಸುಂಬೆಯ ಮೊಟ್ಟೆ ಒಡೆಯಲು ಆರು ತಿಂಗಳಿಂದ ಒಂದು ವರ್ಷದವರೆಗೆ ಕಾಯಬೇಕು. ಮಡಗಾಸ್ಕರ್‌ನ ನೈಋತ್ಯ ಭಾಗದ ಲಬೋರ್ಡ್ ಗೋಸುಂಬೆಯದು ಇನ್ನೂ ವಿಚಿತ್ರ: ಎಂಟೊಂಬತ್ತು ತಿಂಗಳು ಮೊಟ್ಟೆಯೊಳಗೆ, ಹೊರಬಂದ ಮೇಲೆ ನಾಲ್ಕೈದೇ ತಿಂಗಳ ಬದುಕು. ಮಳೆಗಾಲದ ಆರಂಭದಲ್ಲಿ ಹುಟ್ಟಿ, ಬೆಳೆದು, ಮೊಟ್ಟೆಯಿಟ್ಟು, ಆ ಋತು ಮುಗಿಯುವುದರೊಳಗೆ ಇಡೀ ಪೀಳಿಗೆಯೇ ಸಾಯುತ್ತದೆ. ಪ್ಯಾಂಥರ್‌ನ ಆಯುಸ್ಸು ಅಷ್ಟು ಕಿರಿದಲ್ಲ. ಒಳ್ಳೆಯ ಆರೈಕೆಯಲ್ಲಿ ಗಂಡು ಐದರಿಂದ ಏಳು ವರ್ಷ ಬಾಳುತ್ತದೆ.

ಮೊದಲ ಬಾರಿಗೆ ಕೊಳ್ಳುವವರ ಮುಂದೆ ಸಾಮಾನ್ಯವಾಗಿ ಮೂರು ಪ್ರಭೇದಗಳಿರುತ್ತವೆ. ಯೆಮೆನ್ ಮತ್ತು ಸೌದಿ ಅರೇಬಿಯದ ನೈಋತ್ಯ ಬೆಟ್ಟಗಳಿಂದ ಬಂದ ವೇಲ್ಡ್ ಗೋಸುಂಬೆಗೆ ತಲೆಯ ಮೇಲೆ ಎತ್ತರದ ಕಿರೀಟವಿದೆ. ಅಗ್ಗ, ಗಟ್ಟಿಮುಟ್ಟು, ಸ್ವಭಾವ ಸ್ವಲ್ಪ ಸಿಡುಕು. ಮಡಗಾಸ್ಕರ್‌ನ ಕರಾವಳಿಯ ಪ್ಯಾಂಥರ್ ಬಣ್ಣಗಳಿಗೆ ಪ್ರಸಿದ್ಧ, ಬೆಲೆ ಅದರ ಹಲವು ಪಟ್ಟು. ಗಂಡಿಗೆ ಮೂರು ಕೊಂಬುಗಳಿರುವ ಜಾಕ್ಸನ್ ಗೋಸುಂಬೆ ಕೀನ್ಯಾ, ತಾಂಜಾನಿಯಾದ ಎತ್ತರದ ತಂಪು ಪ್ರದೇಶದ್ದು. ಅದು ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತದೆ, ರಾತ್ರಿಯ ತಂಪು ಅದಕ್ಕೆ ಅತ್ಯಗತ್ಯ. ಟೆಕ್ಸಸ್‌ನ ಬೇಸಿಗೆಯಲ್ಲಿ ಎರಡನೆಯ ಮಹಡಿಯ ಅಪಾರ್ಟ್‌ಮೆಂಟಿನಲ್ಲಿರುವವರು ಅದರ ಆಸೆ ಬಿಡುವುದು ಒಳಿತು.

ಪ್ಯಾಂಥರ್ ಕೊಳ್ಳುವವರು ಅಂಬಿಲೋಬೆ, ಅಂಬಾಂಜಾ, ನೋಸಿ ಬೆ ಮುಂತಾದ ಹೆಸರುಗಳನ್ನು ಕೇಳುತ್ತಾರೆ. ಇವು ಮಡಗಾಸ್ಕರ್‌ನ ಊರು, ದ್ವೀಪಗಳ ಹೆಸರು. ಒಂದೊಂದು ಕಡೆಯ ಗಂಡಿಗೆ ಒಂದೊಂದು ಬಣ್ಣ. ನೋಸಿ ಬೆಯ ಗಂಡು ನೀಲಿ ಬೆರೆತ ಹಸಿರು. ಹೆಣ್ಣುಗಳು ಮಾತ್ರ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ ರೀತಿ, ಮಾಸಲು ಕಿತ್ತಳೆ ಅಥವಾ ಕಂದು. ಆದ್ದರಿಂದ ತಾಯಿ ಯಾವ ಊರಿನ ವಂಶದ್ದು ಎಂಬುದು ಬ್ರೀಡರ್‌ನ ದಾಖಲೆಯಿಂದಲ್ಲದೆ ಕಣ್ಣಿನಿಂದ ತಿಳಿಯದು. ಮರಿಯ ಬಣ್ಣವೂ ಆರಂಭದಲ್ಲಿ ಮಂಕು. ಪೂರ್ಣ ಬಣ್ಣ ಬರಲು ವರ್ಷವೇ ಬೇಕಾಗಬಹುದು. ತಂದೆಯ ಚಿತ್ರ, ತಾಯಿಯ ಮೂಲ, ಸಾಧ್ಯವಾದರೆ ತಾಯಿಯ ತಂದೆಯ ಚಿತ್ರ, ಇಷ್ಟನ್ನೂ ಕೇಳುವುದರಲ್ಲಿ ಸಂಕೋಚ ಬೇಡ. ನಮ್ಮಲ್ಲಿ ಹೆಣ್ಣು-ಗಂಡು ನೋಡುವಾಗ ವಿಚಾರಿಸುವುದಕ್ಕಿಂತ ಇದೇನೂ ಹೆಚ್ಚಲ್ಲ.

ಅಂದಹಾಗೆ, ಗೋಸುಂಬೆ ಹಿನ್ನೆಲೆಗೆ ತಕ್ಕಂತೆ ಬಣ್ಣ ಬದಲಿಸುತ್ತದೆ ಎಂಬ ನಂಬಿಕೆಯನ್ನು ಇಲ್ಲೇ ಬಿಡಬಹುದು. ಬಣ್ಣ ಮುಖ್ಯವಾಗಿ ಅದರ ಮನಃಸ್ಥಿತಿಯನ್ನೂ ಮೈಯ ಶಾಖದ ಅಗತ್ಯವನ್ನೂ ಸೂಚಿಸುತ್ತದೆ. ಪ್ಯಾಂಥರ್‌ನ ಚರ್ಮದ ಕೋಶಗಳಲ್ಲಿ ಗ್ವಾನಿನ್‌ನ ಅತಿಸೂಕ್ಷ್ಮ ಹರಳುಗಳಿದ್ದು, ಅವುಗಳ ನಡುವಿನ ಅಂತರ ಹೆಚ್ಚುಕಡಿಮೆಯಾದಂತೆ ಪ್ರತಿಫಲಿಸುವ ಬೆಳಕು ಬದಲಾಗುತ್ತದೆಂದು ಜಿನೀವಾ ವಿಶ್ವವಿದ್ಯಾನಿಲಯದ ಸಂಶೋಧಕರು 2015ರಲ್ಲಿ ತೋರಿಸಿದರು. ಸಾಕುವವರಿಗೆ ಇದರಿಂದ ಪ್ರಯೋಜನವಿದೆ. ಬ್ರೀಡರ್ ಕಳುಹಿಸಿದ ಚಿತ್ರದಲ್ಲಿ ಗಂಡು ಅತಿ ಉಜ್ವಲವಾಗಿ ಕಂಡರೆ ಅದು ಎದುರಿಗಿನ ಇನ್ನೊಂದು ಗಂಡನ್ನು ಕಂಡು ರೇಗಿದ ಕ್ಷಣದ ಬಣ್ಣವಿರಬಹುದು. ನೆಮ್ಮದಿಯಲ್ಲಿರುವಾಗಿನ ಚಿತ್ರವನ್ನೂ ಕೇಳಬೇಕು.

ಬ್ರೀಡರ್‌ನೊಡನೆ ಮಾತುಕತೆಯಲ್ಲಿ ನಾನು ಕೇಳುವುದು ಇವು. ಮರಿಯ ವಯಸ್ಸೆಷ್ಟು? ಮೂರು ತಿಂಗಳಿಗಿಂತ ಚಿಕ್ಕದನ್ನು ಕೊಳ್ಳಬಾರದು. ಅಷ್ಟು ಪುಟ್ಟ ಮೈ ಒಂದೆರಡು ದಿನದ ಅಲಕ್ಷ್ಯದಲ್ಲೇ ಒಣಗಿಹೋಗುತ್ತದೆ. ಒಂಟಿಯಾಗಿ ಬೆಳೆದಿದೆಯೇ, ಗುಂಪಿನಲ್ಲೇ? ಏನು ತಿನ್ನುತ್ತಿದೆ, ಯಾವ ಪುಡಿ ಹಚ್ಚಿ ಕೊಡುತ್ತೀರಿ, ಎಷ್ಟು ದಿನಕ್ಕೊಮ್ಮೆ? ಯಾವ ದೀಪದ ಕೆಳಗೆ ಬೆಳೆಯಿತು? ತಂದೆತಾಯಿಗಳ ಮಲಪರೀಕ್ಷೆ ಆಗಿದೆಯೇ? ಉತ್ತರಕ್ಕಿಂತ ಉತ್ತರಿಸುವ ರೀತಿ ಹೆಚ್ಚು ತಿಳಿಸುತ್ತದೆ. ಒಳ್ಳೆಯ ಬ್ರೀಡರ್ ಈ ಪ್ರಶ್ನೆಗಳಿಂದ ಬೇಸರಗೊಳ್ಳುವುದಿಲ್ಲ, ಬದಲಿಗೆ ನಿಮ್ಮನ್ನೇ ಪ್ರಶ್ನಿಸುತ್ತಾರೆ. ನಾನು ಮೊದಲು ಸಂಪರ್ಕಿಸಿದವರೊಬ್ಬರು ಎರಡು ಸಾಲಿನ ಉತ್ತರ ಬರೆದು ಹಣ ಕಳಿಸುವ ವಿವರ ಕೊಟ್ಟರು. ಎರಡನೆಯವರು ನನ್ನ ಪಂಜರದ ಅಳತೆ ಕೇಳಿದರು, ದೀಪದ ಚಿತ್ರ ತರಿಸಿಕೊಂಡರು, ಒಂದು ವಾರ ಉಷ್ಣಾಂಶ ಬರೆದಿಟ್ಟು ತೋರಿಸಿದ ಮೇಲೆಯೇ ಮರಿ ಕಳಿಸುವುದಾಗಿ ಹೇಳಿದರು. ಕೊಂಡದ್ದು ಎರಡನೆಯವರಿಂದ.

ಚಿತ್ರಕ್ಕಿಂತ ವಿಡಿಯೊ ಮೇಲು. ನಾಲಗೆ ಚಾಚಿ ಹುಳುವನ್ನು ಹೊಡೆಯುವುದನ್ನು, ಕೊಂಬೆಯ ಮೇಲೆ ನಡೆಯುವುದನ್ನು ನೋಡಬೇಕು. ಕಣ್ಣಿನ ಗೋಪುರಗಳು ಉಬ್ಬಿ ದುಂಡಗಿರಬೇಕು. ಒಳಸೇರಿದ್ದರೆ ನೀರು ಸಾಲದು. ಹಗಲಿನಲ್ಲಿ ಕಣ್ಣು ಮುಚ್ಚಿರುವ ಗೋಸುಂಬೆ ಕಾಯಿಲೆಯದು. ಕಾಲುಗಳು ನೇರವಾಗಿ, ಹಿಡಿತ ಬಿಗಿಯಾಗಿರಬೇಕು. ಮೊಣಕೈ ಬಾಗಿದ್ದರೆ, ದವಡೆ ಸೊಟ್ಟಗಿದ್ದರೆ ಕ್ಯಾಲ್ಸಿಯಂ ಕೊರತೆಯಿಂದ ಮೂಳೆ ಮೆತ್ತಗಾಗಿದೆಯೆಂದರ್ಥ. ಹಾಗೆ ಬಾಗಿದ ಮೂಳೆ ಮತ್ತೆ ನೇರವಾಗುವುದಿಲ್ಲ. ಹಿಕ್ಕೆಯ ಜೊತೆ ಬರುವ ಗಟ್ಟಿಯಾದ ಭಾಗ ಬಿಳಿಯಾಗಿದ್ದರೆ ಸರಿ, ಪೂರ್ತಿ ಕಿತ್ತಳೆಯಾಗಿದ್ದರೆ ನೀರಿನ ಅಭಾವ.

ಗಂಡೋ ಹೆಣ್ಣೋ ಎಂಬುದು ಬೆಲೆಯ ಪ್ರಶ್ನೆಯಷ್ಟೇ ಅಲ್ಲ. ಹೆಣ್ಣು ಅಗ್ಗವೆಂದು ಕೊಂಡವರಿಗೆ ಅದು ಗಂಡಿನ ಸಂಪರ್ಕವಿಲ್ಲದೆಯೂ ಮೊಟ್ಟೆಯಿಡುತ್ತದೆಂಬುದು ಗೊತ್ತಿರುವುದಿಲ್ಲ. ಬೆಳೆದ ವೇಲ್ಡ್ ಹೆಣ್ಣು ಒಂದು ಸಲಕ್ಕೆ ಮೂವತ್ತು, ಐವತ್ತು, ಕೆಲವೊಮ್ಮೆ ಅದಕ್ಕೂ ಮೀರಿ ಇಡಬಹುದು. ಅಗೆಯಲು ಒದ್ದೆ ಮರಳಿನ ತೊಟ್ಟಿ ಇಲ್ಲದಿದ್ದರೆ ಮೊಟ್ಟೆ ಒಳಗೇ ಉಳಿದು ಪ್ರಾಣಕ್ಕೆ ಎರವಾಗುತ್ತದೆ. ಆಹಾರ, ಶಾಖ ಹೆಚ್ಚಾದಷ್ಟೂ ಮೊಟ್ಟೆಗಳೂ ಹೆಚ್ಚು. ಮೊದಲ ಸಲಕ್ಕೆ ಗಂಡನ್ನೇ ಆರಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ. ವೇಲ್ಡ್‌ನಲ್ಲಿ ಗುರುತಿಸುವುದು ಸುಲಭ: ಗಂಡುಮರಿಗೆ ಹುಟ್ಟುವಾಗಲೇ ಹಿಂಗಾಲಿನ ಹಿಮ್ಮಡಿಯಲ್ಲಿ ಪುಟ್ಟ ಮುಳ್ಳಿನಂಥ ಗುಬುಟು ಇರುತ್ತದೆ.

ಮರಿ ಬರುವ ಮೊದಲೇ ಮನೆ ಸಿದ್ಧವಾಗಿರಬೇಕು. ಈ ಸಿದ್ಧತೆಯ ಖರ್ಚು ಎಷ್ಟೋ ಸಲ ಮರಿಯ ಬೆಲೆಯನ್ನೂ ಮೀರುತ್ತದೆ. ಬೆಳೆದ ಗೋಸುಂಬೆಗೆ ಎರಡಡಿ ಉದ್ದ, ಎರಡಡಿ ಅಗಲ, ನಾಲ್ಕಡಿ ಎತ್ತರದ ಗಾಳಿಯಾಡುವ ಪಂಜರ. ಒಳಗೆ ದಾಸವಾಳ, ಮನಿ ಪ್ಲಾಂಟ್ ಮುಂತಾದ ನಿಜವಾದ ಗಿಡಗಳು. ಪ್ಯಾಂಥರ್ ಬಿಸಿಲು ಕಾಯುವ ಕೊಂಬೆಯಲ್ಲಿ 85ರಿಂದ 90 ಡಿಗ್ರಿ ಫ್ಯಾರನ್‌ಹೀಟ್, ರಾತ್ರಿ ಅದಕ್ಕಿಂತ ಸಾಕಷ್ಟು ತಂಪು. ಕಿಟಕಿಯ ಪಕ್ಕ ಇಟ್ಟರೆ ಸೂರ್ಯನ ಬೆಳಕು ಸಿಗುತ್ತದಲ್ಲ ಎಂದು ಹಲವರು ಕೇಳುತ್ತಾರೆ. ಕ್ಯಾಲ್ಸಿಯಂ ಮೈಗೆ ಹಿಡಿಯಲು ಬೇಕಾದ ಅತಿನೇರಳೆ ಕಿರಣವನ್ನು ಕಿಟಕಿಯ ಗಾಜು ತಡೆಯುತ್ತದೆ. ಆದ್ದರಿಂದ ಅದಕ್ಕೆಂದೇ ಮಾಡಿದ ಉದ್ದನೆಯ ಟ್ಯೂಬ್ ದೀಪ ಅನಿವಾರ್ಯ, ಬೆಳಕು ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಅದನ್ನು ಬದಲಿಸುವುದೂ ಅನಿವಾರ್ಯ. ಬಟ್ಟಲಿನಲ್ಲಿಟ್ಟ ನಿಂತ ನೀರನ್ನು ಗೋಸುಂಬೆಗಳು ಸಾಮಾನ್ಯವಾಗಿ ನೀರೆಂದು ಗುರುತಿಸುವುದಿಲ್ಲ. ಎಲೆಯ ಮೇಲಿನ ಹನಿಯನ್ನು ನೆಕ್ಕುತ್ತವೆ. ದಿನಕ್ಕೆ ಕೆಲವು ಬಾರಿ ಮಂಜಿನಂತೆ ನೀರು ಸಿಂಪಡಿಸಬೇಕು.

ಆಹಾರದ ವಿಷಯವನ್ನು ಸಸ್ಯಾಹಾರಿ ಮನೆಗಳವರು ಮುಂಚಿತವಾಗಿ ಮುಕ್ತವಾಗಿ ಮಾತಾಡಿಕೊಳ್ಳಬೇಕು. ವೇಲ್ಡ್ ಆಗೊಮ್ಮೆ ಈಗೊಮ್ಮೆ ಎಲೆ ಕಡಿಯುತ್ತದೆಯಾದರೂ ಅವೆಲ್ಲವೂ ಬದುಕುವುದು ಜೀವಂತ ಹುಳುಗಳ ಮೇಲೆ. ಚಿಮ್ಮಂಡೆ ಹುಳುಗಳು, ಡೂಬಿಯಾ ಎಂಬ ಜಿರಳೆಗಳು ಮನೆಯಲ್ಲೇ ಇರಬೇಕು, ಅವುಗಳಿಗೂ ಸೊಪ್ಪು, ಕ್ಯಾರೆಟ್ ಹಾಕಿ ಸಾಕಬೇಕು. ರೇಷ್ಮೆಹುಳುವೂ ಒಳ್ಳೆಯ ಆಹಾರ. ಶಿಡ್ಲಘಟ್ಟದಲ್ಲಿ ಹುಳು ಸಾಕುವ ಮನೆಗಳನ್ನು ಕಂಡ ನನಗೆ, ಇಲ್ಲಿ ಅದೇ ಹುಳು ಪ್ಲಾಸ್ಟಿಕ್ ಲೋಟದಲ್ಲಿ ಹಿಪ್ಪುನೇರಳೆ ಪುಡಿಯ ಕಣಕದ ಮೇಲೆ ಹರಿದಾಡುತ್ತ ಅಂಚೆಯಲ್ಲಿ ಬಂದಾಗ ಏನೋ ಮುಜುಗರವಾಯಿತು. ಆರು ತಿಂಗಳು ನಮ್ಮೊಡನಿದ್ದ ತಾಯಿ ಗೋಸುಂಬೆಗೆ ಬೇಗನೆ ಒಗ್ಗಿಕೊಂಡರು, ಜಿರಳೆಯ ಡಬ್ಬಕ್ಕೆ ಕೊನೆಯವರೆಗೂ ಒಗ್ಗಲಿಲ್ಲ.

ಮಕ್ಕಳಿಗೂ ಒಂದು ಮಾತು ಹೇಳಿರಬೇಕು. ಇದು ಎತ್ತಿ ಮುದ್ದಾಡುವ ಪ್ರಾಣಿಯಲ್ಲ. ಕೈಯಲ್ಲಿ ಹಿಡಿದಷ್ಟೂ ಅದಕ್ಕೆ ಒತ್ತಡ. ಸರೀಸೃಪಗಳಿಂದ ಸಾಲ್ಮೊನೆಲ್ಲಾ ಹರಡುವ ಸಾಧ್ಯತೆಯಿರುವುದರಿಂದ ಐದು ವರ್ಷದೊಳಗಿನ ಮಕ್ಕಳಿರುವ ಮನೆಗಳಲ್ಲಿ ಇವನ್ನು ಸಾಕಬಾರದೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ ಸಲಹೆ ನೀಡುತ್ತದೆ. ಇತರ ದೇಶಗಳಲ್ಲಿರುವ ಓದುಗರು ತಮ್ಮ ಕಾನೂನನ್ನು ನೋಡಿಕೊಳ್ಳಬೇಕು. ಆಸ್ಟ್ರೇಲಿಯಾ, ಸಿಂಗಪುರಗಳಲ್ಲಿ ಗೋಸುಂಬೆ ಸಾಕಲು ಅವಕಾಶವೇ ಇಲ್ಲ. ಜರ್ಮನಿಯಲ್ಲಿ ಪ್ರಾಣಿಯ ಮೂಲ ತಿಳಿಸುವ ಪತ್ರವನ್ನು ಬ್ರೀಡರ್‌ನಿಂದ ಪಡೆದಿಟ್ಟುಕೊಳ್ಳಬೇಕು. ಅಮೆರಿಕದೊಳಗೂ ಹವಾಯಿಯ ನಿಯಮಗಳು ಅತ್ಯಂತ ಕಠಿಣ. 1972ರಲ್ಲಿ ಅಲ್ಲಿಗೆ ಬಂದ ಜಾಕ್ಸನ್ ಗೋಸುಂಬೆಗಳು ಇಂದು ಅಲ್ಲಿನ ಕಾಡುಗಳಲ್ಲಿ ಬೇರೂರಿವೆ.

ದೂರದ ಬ್ರೀಡರ್ ಮರಿಯನ್ನು ಶಾಖ ತಡೆಯುವ ಪೆಟ್ಟಿಗೆಯಲ್ಲಿ ಒಂದೇ ರಾತ್ರಿಯಲ್ಲಿ ತಲುಪುವಂತೆ ಕಳುಹಿಸುತ್ತಾರೆ. ಎರಡೂ ಊರಿನ ಹವಾಮಾನ ನೋಡಿ, ತೀರ ಚಳಿ ಅಥವಾ ತೀರ ಸೆಕೆಯಿದ್ದರೆ ಮುಂದೂಡುತ್ತಾರೆ. ಜನವರಿಯಲ್ಲಿ ಹೀಗೆ ಕಾಯಿಸಿದರೆ ಸಿಟ್ಟಾಗಬೇಡಿ. ಬಂದ ದಿನ ಪೆಟ್ಟಿಗೆ ತೆರೆದು, ಕೊಂಬೆಯ ಮೇಲೆ ತಾನಾಗಿ ಹತ್ತಲು ಬಿಟ್ಟು, ನೀರು ಸಿಂಪಡಿಸಿ, ದೂರ ಸರಿಯಬೇಕು. ಮೊದಲ ಒಂದೆರಡು ದಿನ ತಿನ್ನದಿರುವುದು ಅಪರೂಪವಲ್ಲ. ನೆಂಟರನ್ನು ಕರೆದು ತೋರಿಸುವುದನ್ನು ಎರಡು ವಾರ ತಡೆಹಿಡಿಯಬೇಕು. ಅಷ್ಟರೊಳಗೆ ತಾಜಾ ಹಿಕ್ಕೆಯೊಂದನ್ನು ಸರೀಸೃಪಗಳ ಅನುಭವವಿರುವ ಪಶುವೈದ್ಯರಲ್ಲಿ ಪರೀಕ್ಷೆ ಮಾಡಿಸಬೇಕು. ನಾಯಿಬೆಕ್ಕುಗಳ ವೈದ್ಯರಲ್ಲಿ ಹಲವರು ಗೋಸುಂಬೆಯನ್ನು ನೋಡುವುದಿಲ್ಲ. ಆದ್ದರಿಂದ ಅಂಥವರು ಹತ್ತಿರದಲ್ಲಿ ಇದ್ದಾರೆಯೇ ಎಂಬುದನ್ನು ಮುಂಗಡ ಹಣ ಕೊಡುವ ಮುನ್ನವೇ ವಿಚಾರಿಸಬೇಕು.

ನಮ್ಮಂಥವರಿಗೆ ಉಳಿಯುವ ದೊಡ್ಡ ತೊಡಕು ಊರಿಗೆ ಹೋಗುವ ನಾಲ್ಕು ವಾರ. ಗೋಸುಂಬೆಯನ್ನು ಜೊತೆಗೆ ಒಯ್ಯುವ ಮಾತೇ ಇಲ್ಲ. ಸಿಂಪಡಿಸುವ ಯಂತ್ರವನ್ನೂ ದೀಪವನ್ನೂ ಗಡಿಯಾರಕ್ಕೆ ಜೋಡಿಸಬಹುದು, ಹುಳು ಹಾಕಲು ಮನುಷ್ಯರೇ ಬೇಕು. ಪಕ್ಕದ ಮನೆಯ ಹುಡುಗನಿಗೆ ಹೊರಡುವ ಒಂದು ತಿಂಗಳ ಮೊದಲಿನಿಂದಲೇ ನಾನು ಇದನ್ನು ಕಲಿಸುತ್ತೇನೆ: ಎಷ್ಟು ಹುಳು, ಯಾವ ದಿನ ಯಾವ ಪುಡಿ, ಕಣ್ಣು ಹೇಗಿರಬೇಕು. ಅವನ ಫೋನಿನಲ್ಲಿ ಪಶುವೈದ್ಯರ ಸಂಖ್ಯೆಯ ಕೆಳಗೆ ಬ್ರೀಡರ್‌ನ ಸಂಖ್ಯೆಯೂ ಇದೆ. ಐದು ವರ್ಷದ ಹಿಂದೆ ಮಾರಿದ ಮರಿಯ ಬಗ್ಗೆ ಇಂದು ಕರೆ ಮಾಡಿದರೂ ಅವರು ಅದರ ತೂಕವೆಷ್ಟೆಂದು ಮೊದಲು ಕೇಳುತ್ತಾರೆ.